‘ಇಂವ ಸುಮ್ನ ಹೋಗಿ ಹೇಳಿಬಿಡಬಾರದೇನ?’

ಪ್ರಶ್ನೆ: ನಾನು ಧಾರವಾಡದವಳು, ಬ್ಯಾಂಕಿನಲ್ಲಿ ಕೆಲಸ, ವಯಸ್ಸು 46. ಹಿಂದಿಯ ರೊಮ್ಯಾಂಟಿಕ್ ಕಾಮಿಡಿ ಸಿನಿಮಾಗಳೆಂದರೆ ನನಗೆ ಪ್ರಾಣ. ‘ಛೋಟಿ ಸಿ ಬಾತ್’, ‘ಚಶ್ಮೆ ಬದ್ದೂರ್’, ‘ಜಬ್ ವಿ ಮೆಟ್’ ಇವನ್ನೆಲ್ಲ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನಮ್ಮನೆಯವರು ಇದು ಬರೀ ಟೈಂಪಾಸ್ ಅನ್ನುತ್ತಾರೆ. ಮೊನ್ನೆ ಪಿಯುಸಿ ಓದುವ ಮಗಳು ಜೊತೆಗೆ ಕೂತು ‘ಛೋಟಿ ಸಿ ಬಾತ್’ ಅರ್ಧ ತಾಸು ನೋಡಿ, ‘ಅಮ್ಮಾ, ಇಂವ ಸುಮ್ನ ಹೋಗಿ ಹೇಳಿಬಿಡಬಾರದೇನ? ಐದು ನಿಮಿಷದ ಕೆಲಸಕ್ಕ ಎರಡು ತಾಸು ಯಾಕ ಬೇಕು?’ ಎಂದು ಕೇಳಿದಳು. ನನಗೆ ಉತ್ತರ ತೋಚಲಿಲ್ಲ. ಕೊನೆ ಏನಾಗುತ್ತದೆಂದು ಗೊತ್ತಿದ್ದೂ ಈ ಸಿನಿಮಾಗಳು ಯಾಕೆ ಹಿಡಿದು ಕೂರಿಸುತ್ತವೆ? ಈಗಿನವು ಯಾಕೆ ಅಷ್ಟು ಹಿಡಿಸುವುದಿಲ್ಲ? ಇದು ಬರೀ ನನ್ನ ವಯಸ್ಸಿನ ಹಂಬಲವಾ?

ಉತ್ತರ: ಮೊದಲು ನಿಮ್ಮ ಮಗಳಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ. ಇಪ್ಪತ್ತು ವರ್ಷಗಳಿಂದ ಕಾಲೇಜುಗಳಲ್ಲಿ ಸಿನಿಮಾ ರಸಗ್ರಹಣ ಶಿಬಿರ ನಡೆಸುತ್ತಿದ್ದೇನೆ, ಇಷ್ಟು ನೇರವಾಗಿ ಈ ಪ್ರಶ್ನೆ ಕೇಳಿದವರು ಕಮ್ಮಿ. ಅವಳು ಕೇಳಿದ್ದರಲ್ಲೇ ಈ ಸಿನಿಮಾಗಳ ಇಡೀ ಗುಟ್ಟಿದೆ. ಅವನು ಹೋಗಿ ಹೇಳಿಬಿಟ್ಟರೆ ಸಿನಿಮಾ ಮುಗಿಯಿತು. ಹೇಳಲಾಗದೆ ಒದ್ದಾಡುವ ಆ ಎರಡು ತಾಸೇ ಸಿನಿಮಾ. ಹುಡುಗ ಹುಡುಗಿ ಒಂದಾಗುವುದನ್ನು ನೋಡಲಿಕ್ಕೆ ನಾವು ಕೂತಿರುವುದಿಲ್ಲ, ಅದು ಪೋಸ್ಟರ್ ನೋಡಿದಾಗಲೇ ಗೊತ್ತು. ಬಾಯಿಯ ತುದಿಗೆ ಬಂದ ಒಂದು ಮಾತು ಹೊರಗೆ ಬರಲು ಎಷ್ಟು ದೂರ ಸುತ್ತಬೇಕಾಯಿತು ಎನ್ನುವುದನ್ನು ನೋಡಲಿಕ್ಕೆ ಕೂತಿರುತ್ತೇವೆ.

ನೀವು ಧಾರವಾಡದವರು, ನಿಮಗೆ ಇದನ್ನು ಬೇರೆ ಥರ ಹೇಳುತ್ತೇನೆ. ಬೈಠಕ್‌ನಲ್ಲಿ ಕೂತು ಹಿಂದುಸ್ತಾನಿ ಖಯಾಲ್ ಕೇಳುವಾಗ ಗಾಯಕರು ಎಲ್ಲಿ ಸುತ್ತಿದರೂ ತಾಳದ ಮೊದಲ ಮಾತ್ರೆಯಾದ ಸಮ್‌ಗೆ ಬಂದೇ ಬರುತ್ತಾರೆಂದು ಕೇಳುಗರಿಗೆಲ್ಲ ಗೊತ್ತು. ಗೊತ್ತಿರುವುದರಿಂದಲೇ ಖುಷಿ. ಈಗ ಬಂದರು, ಇನ್ನೇನು ಬಂದರು ಎನ್ನುವಾಗ ಅವರು ಮತ್ತೊಂದು ಸುತ್ತು ಹಾಕುತ್ತಾರೆ, ಕೊನೆಗೆ ಸಮ್ ಮೇಲೆ ಬಂದು ಕೂತಾಗ ಇಡೀ ಸಭೆಯ ತಲೆ ಒಟ್ಟಿಗೆ ಆಡುತ್ತದೆ. ‘ಛೋಟಿ ಸಿ ಬಾತ್’ ಹತ್ತನೇ ಸಲ ನೋಡುವಾಗ ನಿಮಗೆ ಸಿಗುವ ಸುಖವೂ ಅದೇ ಜಾತಿಯದು. ಅದನ್ನು ಟೈಂಪಾಸ್ ಅನ್ನುವುದು ತಪ್ಪು.

ಆ ಸಿನಿಮಾವನ್ನೇ ತೆಗೆದುಕೊಳ್ಳೋಣ. 1976ರದ್ದು, ಬಾಸು ಚಟರ್ಜಿ ನಿರ್ದೇಶನ. ಮುಂಬೈಯ ಒಂದು ಬಸ್ ಸ್ಟಾಪು. ಪ್ರಭಾ, ಅಂದರೆ ವಿದ್ಯಾ ಸಿನ್ಹಾ, ಕಾಟನ್ ಸೀರೆ ಉಟ್ಟು ಆಫೀಸಿಗೆ ಹೊರಟು ನಿಂತಿದ್ದಾಳೆ. ಅವಳ ಹಿಂದೆ ಅರುಣ್, ನಮ್ಮ ಅಮೋಲ್ ಪಾಲೇಕರ್. ಇಬ್ಬರ ನಡುವೆ ಒಂದು ಮೊಳ ಜಾಗ. ಅವನಿಗೆ ಹೇಳಲಿಕ್ಕೆ ಬೇಕಾದಷ್ಟಿದೆ, ಮನಸ್ಸಿನಲ್ಲೇ ಎಷ್ಟೋ ಸಲ ಹೇಳಿಯೂ ಆಗಿದೆ, ಕನಸಿನಲ್ಲಂತೂ ಅವನು ದೊಡ್ಡ ಮಾತುಗಾರ. ಆದರೆ ಅವಳು ತಿರುಗಿದ ಕೂಡಲೇ ಇವನ ಕಣ್ಣು ಬೇರೆಲ್ಲೋ ಹೋಗುತ್ತದೆ. ಪಾಲೇಕರ್ ಇಲ್ಲಿ ಏನೂ ದೊಡ್ಡದಾಗಿ ಮಾಡುವುದಿಲ್ಲ ನೋಡಿ. ಗಂಟಲು ಸ್ವಲ್ಪ ಸರಿಮಾಡಿಕೊಳ್ಳುತ್ತಾರೆ, ತುಟಿ ತೆರೆದು ಮುಚ್ಚುತ್ತಾರೆ, ಒಂದು ಹೆಜ್ಜೆ ಮುಂದಿಟ್ಟು ಅರ್ಧ ಹೆಜ್ಜೆ ಹಿಂದೆ ಬರುತ್ತಾರೆ. ಇಷ್ಟರಲ್ಲಿ ಬಸ್ಸು ಬಂತು. ಒಂದು ದಿನ ಹೋಯಿತು. ಮುಂದೆ ನಾಗೇಶ್ ಬೇರೆ ಬರುತ್ತಾನೆ, ಅಸ್ರಾನಿ, ಸ್ಕೂಟರ್ ಮೇಲೆ, ಮುಖದ ತುಂಬ ನಗು ಹೊತ್ತು, ಪ್ರಭಾಳಿಗೆ ಲಿಫ್ಟ್ ಕೊಡಲಿಕ್ಕೆ. ಅವಳು ಹಿಂದಿನ ಸೀಟಿನಲ್ಲಿ ಕೂತು ಹೊರಡುತ್ತಾಳೆ, ಇವನು ಬಸ್ಸಿಗೆ ಕಾಯುತ್ತಾ ನಿಲ್ಲುತ್ತಾನೆ.

ಇಲ್ಲಿ ಯಾಕೆ ಹೇಳಲಾಗುವುದಿಲ್ಲ ಎನ್ನುವುದನ್ನು ನಿಮ್ಮ ಮಗಳಿಗೆ ಹೀಗೆ ವಿವರಿಸಿ. ಅವಳು ಬೇಡ ಅಂದರೆ ನಾಳೆ ಬೆಳಿಗ್ಗೆ ಅವನು ಮತ್ತೆ ಅದೇ ಸ್ಟಾಪಿಗೆ ಬರಬೇಕು. ಅದೇ ಕ್ಯೂ, ಅದೇ ಬಸ್ಸು. ಬೇರೆ ದಾರಿ ಇಲ್ಲ, ಸ್ವಂತ ಗಾಡಿ ಇಲ್ಲ, ಕೆಲಸ ಬಿಡುವ ಹಾಗಿಲ್ಲ. ಈಗ ಅವನ ಹತ್ತಿರ ದಿನಕ್ಕೆ ಕೆಲವು ನಿಮಿಷಗಳ ಸುಖವಿದೆ, ಬಾಯಿ ಬಿಟ್ಟರೆ ಅದೂ ಹೋಗಬಹುದು. ಮೊದಲ ಸಂಬಳ ತೆಗೆದುಕೊಳ್ಳುವ ವಯಸ್ಸಿನ ಯಾರಿಗಾದರೂ ಈ ಭಯ ಗೊತ್ತು. ಹಾಗಾಗಿ ನಾವು ಅವನನ್ನು ನೋಡಿ ನಗುವಾಗ ನಮ್ಮದೇ ಹಳೆಯ ಅಂಜಿಕೆಯನ್ನು ನೋಡಿ ನಗುತ್ತಿರುತ್ತೇವೆ, ಅದಕ್ಕೇ ಆ ನಗುವಿನಲ್ಲಿ ಕಹಿ ಇಲ್ಲ. ಇನ್ನೊಂದು ಕಡೆ ಪ್ರಭಾಳಿಗೆ ಇದೆಲ್ಲ ಗೊತ್ತು! ಹಿಂದೆ ಯಾರು ಬರುತ್ತಿದ್ದಾರೆ, ಯಾಕೆ ಬರುತ್ತಿದ್ದಾರೆ ಎಲ್ಲವನ್ನೂ ಅವಳು ಗಮನಿಸಿದ್ದಾಳೆ, ಆಫೀಸಿನ ಗೆಳತಿಯ ಜೊತೆ ಮಾತಾಡಿಕೊಂಡೂ ಇದ್ದಾಳೆ. ಅವಳೂ ಹೇಳುವುದಿಲ್ಲ. ಎರಡು ಬಾಯಿಗೂ ಬೀಗ, ಬೀಗದ ಕೈ ಪ್ರೇಕ್ಷಕರ ಹತ್ತಿರ. ಈ ಏರ್ಪಾಡು ನೋಡಲಿಕ್ಕೆ ಬಹಳ ಸುಲಭ, ಬರೆಯಲಿಕ್ಕೆ ಬಹಳ ಕಷ್ಟ. ಆ ವರ್ಷ ಬಾಸು ಚಟರ್ಜಿಗೆ ಈ ಚಿತ್ರಕಥೆಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು, ಬರಲೇಬೇಕಿತ್ತು.

ಅವರು ಸಿನಿಮಾಗೆ ಬರುವ ಮೊದಲು ಮುಂಬೈಯ ‘ಬ್ಲಿಟ್ಜ್’ ಪತ್ರಿಕೆಯಲ್ಲಿ ವರ್ಷಾನುಗಟ್ಟಲೆ ವ್ಯಂಗ್ಯಚಿತ್ರ ಬರೆದವರು. ಅದು ಈ ಸಿನಿಮಾಗಳಲ್ಲಿ ಎದ್ದು ಕಾಣುತ್ತದೆ. ಒಂದು ಗೆರೆಯಲ್ಲಿ ಒಬ್ಬ ಮನುಷ್ಯ. ಅರುಣ್ ನಿಲ್ಲುವ ಭಂಗಿ ನೋಡಿದರೆ ಸಾಕು, ಅವನ ಸಂಬಳ ಎಷ್ಟಿರಬಹುದು ಎಂದೂ ಹೇಳಿಬಿಡಬಹುದು.

ಈಗ ಹಾಡುಗಳ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಬೇರೆ ದೇಶದ ಪ್ರೇಮದ ಹಾಸ್ಯ ಚಿತ್ರಗಳಿಗೂ ಹಿಂದಿಯವಕ್ಕೂ ದೊಡ್ಡ ವ್ಯತ್ಯಾಸ ಇರುವುದು ಇಲ್ಲೇ. ಬಾಯಲ್ಲಿ ಹೇಳಲಾಗದ್ದನ್ನು ಹಾಡಿನಲ್ಲಿ ಹೇಳಬಹುದು. ನಮ್ಮ ಪ್ರೇಕ್ಷಕರು ಅದನ್ನು ತಕರಾರಿಲ್ಲದೆ ಒಪ್ಪುತ್ತಾರೆ. 1958ರ ‘ಚಲ್ತಿ ಕಾ ನಾಮ್ ಗಾಡಿ’ಯನ್ನು ನೋಡಿದ್ದೀರಾ? ನೋಡಿಲ್ಲದಿದ್ದರೆ ಈ ಭಾನುವಾರವೇ ನೋಡಿ. ಮೂವರು ಅಣ್ಣತಮ್ಮಂದಿರು, ಒಂದು ಗ್ಯಾರೇಜು. ಅಶೋಕ್ ಕುಮಾರ್, ಅನೂಪ್ ಕುಮಾರ್, ಕಿಶೋರ್ ಕುಮಾರ್, ನಿಜ ಜೀವನದಲ್ಲೂ ಅಣ್ಣತಮ್ಮಂದಿರೇ. ಹಿರಿಯಣ್ಣನಿಗೆ ಹೆಂಗಸರ ಸುದ್ದಿ ಎತ್ತಿದರೆ ಆಗುವುದಿಲ್ಲ, ಮನೆಯಲ್ಲಿ ಅವನದ್ದೇ ಕಾನೂನು. ಅಂಥ ಗ್ಯಾರೇಜಿಗೆ ಮಳೆಯ ರಾತ್ರಿ ಮಧುಬಾಲಾ ಬರುತ್ತಾರೆ, ಪೂರ್ತಿ ನೆನೆದು, ಕಾರು ಕೆಟ್ಟು ನಿಂತಿದೆಯೆಂದು. ಕಿಶೋರ್ ಒಬ್ಬರೇ ಇದ್ದಾರೆ. ಆ ಹುಡುಗಿ ಸಿಡುಕುತ್ತಿದ್ದಾಳೆ, ಈ ಹುಡುಗ ಕಾರಿನ ಸುತ್ತ ಕೆಲಸ ಮಾಡುತ್ತಾ ಹಾಡುತ್ತಿದ್ದಾನೆ, ಹಾಡಿಗೆ ತಾಳ ಗ್ಯಾರೇಜಿನ ಸಾಮಾನುಗಳದ್ದೇ. ಅವಳ ಸಿಟ್ಟು ನಿಧಾನಕ್ಕೆ ಇಳಿದು ತುಟಿಯ ಮೂಲೆಗೆ ನಗು ಬರುವುದನ್ನು ಮಧುಬಾಲಾ ಎಷ್ಟು ಚೆನ್ನಾಗಿ ತೋರಿಸುತ್ತಾರೆಂದರೆ, ನಗು ಯಾವ ಗಳಿಗೆಯಲ್ಲಿ ಶುರುವಾಯಿತೆಂದು ಕೈಯಿಟ್ಟು ತೋರಿಸಲಾಗುವುದಿಲ್ಲ. ಕಾರು ರಿಪೇರಿಯಾಯಿತು, ಅವಳು ಹೊರಟೇಹೋದಳು, ದುಡ್ಡು ಕೊಡುವುದನ್ನು ಮರೆತು. ಐದು ರೂಪಾಯಿ ಹನ್ನೆರಡು ಆಣೆ. ಇನ್ನು ಮುಂದೆ ಅವಳನ್ನು ಮತ್ತೆ ನೋಡಲಿಕ್ಕೆ ಅವನಿಗೆ ಒಂದು ನೆಪ ಸಿಕ್ಕಿತು, ಬಾಕಿ ವಸೂಲಿ! ಪ್ರೀತಿಯ ಹೆಸರೆತ್ತಲು ಆಗದವನಿಗೆ ಸಾಲದ ಹೆಸರೆತ್ತುವುದು ಸುಲಭ. (ಅಂದಹಾಗೆ 1957ರ ಏಪ್ರಿಲ್‌ನಲ್ಲೇ ದೇಶದಲ್ಲಿ ಆಣೆ ಹೋಗಿ ನಯಾ ಪೈಸೆ ಬಂದಿತ್ತು. ಸಿನಿಮಾ ಬಂದಾಗಲೂ ಜನರ ಬಾಯಲ್ಲಿ ಆಣೆಯೇ ಇತ್ತು, ಗ್ಯಾರೇಜಿನ ಬಿಲ್ಲಿನಲ್ಲೂ ಅದೇ.)

ಹಾಡಿನ ಈ ಆಟವನ್ನು ಇನ್ನೂ ಮುಂದಕ್ಕೆ ಒಯ್ದದ್ದು 1968ರ ‘ಪಡೋಸನ್’. ಹಳ್ಳಿಯ ಮುಗ್ಧ ಭೋಲಾ, ಸುನಿಲ್ ದತ್, ಎದುರು ಕಿಟಕಿಯ ಹುಡುಗಿಗೆ ಮನಸ್ಸು ಕೊಟ್ಟಿದ್ದಾನೆ. ಅವಳಿಗೆ ಸಂಗೀತವೆಂದರೆ ಇಷ್ಟ, ಇವನಿಗೆ ಹಾಡಲು ಬರುವುದಿಲ್ಲ. ಹಾಗಾಗಿ ಗೆಳೆಯ ವಿದ್ಯಾಪತಿ, ಕಿಶೋರ್ ಕುಮಾರ್, ಮರೆಯಲ್ಲಿ ಕೂತು ಹಾಡುತ್ತಾನೆ, ಇವನು ಕಿಟಕಿಯಲ್ಲಿ ನಿಂತು ತುಟಿ ಆಡಿಸುತ್ತಾನೆ. ಸ್ವಲ್ಪ ಯೋಚಿಸಿ. ಹಿಂದಿ ಸಿನಿಮಾದ ಎಲ್ಲ ನಾಯಕರೂ ಮಾಡುವುದು ಇದನ್ನೇ ಅಲ್ವಾ? ಯಾರೋ ಹಾಡುತ್ತಾರೆ, ಇವರು ತುಟಿ ಆಡಿಸುತ್ತಾರೆ. ಆ ಗುಟ್ಟನ್ನೇ ಕಥೆ ಮಾಡಿಬಿಟ್ಟರು. ಇಷ್ಟು ಜಾಣತನದ ಸಿನಿಮಾದಲ್ಲಿ ಒಂದು ಹುಳುಕೂ ಇದೆ, ಅದನ್ನು ಹೇಳದೆ ಬಿಡಲಾರೆ. ಮೆಹಮೂದ್ ಮಾಡಿದ ದಕ್ಷಿಣದ ಸಂಗೀತ ಮೇಷ್ಟ್ರ ಪಾತ್ರ. ನಾಮ, ಜುಟ್ಟು, ಎಳೆದಾಡುವ ಹಿಂದಿ. ಮನ್ನಾ ಡೇ ಆ ಪಾತ್ರಕ್ಕೆ ಹಾಡಿದ್ದು ಅದ್ಭುತ, ಆದರೆ ದಕ್ಷಿಣದವರೆಲ್ಲ ಹೀಗೇ ಎನ್ನುವ ತಮಾಷೆಯನ್ನು ಹಿಂದಿ ಸಿನಿಮಾ ಆಮೇಲೆ ಬಹಳ ವರ್ಷ ಎಳೆಯಿತು. ನಮಗೆ ಅದು ಆಗಲೂ ಚುಚ್ಚಬೇಕಿತ್ತು, ಈಗಲೂ ಚುಚ್ಚುತ್ತದೆ.

ಹೃಷಿಕೇಶ್ ಮುಖರ್ಜಿಯವರ ‘ಚುಪ್ಕೆ ಚುಪ್ಕೆ’ (1975) ಬೇರೆ ದಾರಿ ಹಿಡಿಯಿತು. ಅಲ್ಲಿ ಹುಡುಗ ಹುಡುಗಿಗೆ ಶುರುವಿನಲ್ಲೇ ಮದುವೆಯಾಗಿಬಿಡುತ್ತದೆ! ಇನ್ನೇನು ಅಡ್ಡಿ? ಅಡ್ಡಿಯನ್ನು ಅವರೇ ಕೈಯಾರೆ ಕಟ್ಟಿಕೊಳ್ಳುತ್ತಾರೆ. ಸಸ್ಯಶಾಸ್ತ್ರದ ಪ್ರೊಫೆಸರ್ ಧರ್ಮೇಂದ್ರ ಹೆಂಡತಿಯ ಭಾವನನ್ನು ಏಮಾರಿಸಲು ಡ್ರೈವರ್ ವೇಷ ಹಾಕುತ್ತಾರೆ, ಶುದ್ಧ ಹಿಂದಿ ಮಾತಾಡಿ ಆ ಭಾವ ಓಂ ಪ್ರಕಾಶ್ ಅವರ ಜೀವ ತೆಗೆಯುತ್ತಾರೆ. ಆ ಆಟಕ್ಕೆ ಸಿಕ್ಕಿ ನಿಜವಾಗಿ ನರಳುವವನು ಸುಕುಮಾರ್, ಅಮಿತಾಭ್ ಬಚ್ಚನ್. ಇಂಗ್ಲಿಷ್ ಸಾಹಿತ್ಯದ ಮೇಷ್ಟ್ರು, ಗೆಳೆಯನ ಹೆಸರಿಟ್ಟುಕೊಂಡು ಜಯಾ ಬಚ್ಚನ್‌ಗೆ ಸಸ್ಯಶಾಸ್ತ್ರ ಪಾಠ ಹೇಳಬೇಕು, ಅವಳ ಮೇಲೆ ಮನಸ್ಸಾದರೂ ನಾನು ಯಾರೆಂದು ಹೇಳುವ ಹಾಗಿಲ್ಲ. ಮತ್ತೆ ಅದೇ, ಬಾಯಿಗೆ ಬೀಗ. ಅದೇ ವರ್ಷದ ಆಗಸ್ಟ್‌ನಲ್ಲಿ ಇದೇ ಧರ್ಮೇಂದ್ರ, ಅಮಿತಾಭ್ ಜೋಡಿ ನಮ್ಮ ರಾಮನಗರದ ಬಂಡೆಗಳ ನಡುವೆ ಬಂದೂಕು ಹಿಡಿದು ‘ಶೋಲೆ’ಯಲ್ಲಿ ಬಂತು. ಒಂದೇ ವರ್ಷ, ಅದೇ ಇಬ್ಬರು. ನಿಮ್ಮನೆಯವರಿಗೆ ಇದನ್ನು ಹೇಳಿ ನೋಡಿ.

ಇನ್ನು ‘ಚಶ್ಮೆ ಬದ್ದೂರ್’. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಕ್ಷಮಿಸಿ. 1981, ಸಾಯಿ ಪರಾಂಜಪೆ ನಿರ್ದೇಶನ, ದೆಹಲಿ. ಒಂದು ಬಾಡಿಗೆ ಮನೆಯಲ್ಲಿ ಮೂವರು ಹುಡುಗರು. ಇಬ್ಬರಿಗೆ ಹುಡುಗಿಯರ ಹಿಂದೆ ಸುತ್ತುವುದೇ ಕೆಲಸ. ಸಿದ್ಧಾರ್ಥ, ಫಾರೂಕ್ ಶೇಖ್, ಪುಸ್ತಕದ ಹುಳು. ಆ ಇಬ್ಬರೂ ನೇಹಾ ಎನ್ನುವ ಹುಡುಗಿಯ ಬೆನ್ನು ಬಿದ್ದು ಮುಖಭಂಗ ಮಾಡಿಸಿಕೊಂಡು ಬಂದಿರುತ್ತಾರೆ. ಆದರೆ ಮನೆಗೆ ಬಂದು ತಾವು ಗೆದ್ದ ಕಥೆ ಕಟ್ಟುತ್ತಾರೆ. ಆಮೇಲೆ ಒಂದು ದಿನ ಬಾಗಿಲು ತಟ್ಟುವ ಸದ್ದು. ನೇಹಾಳೇ, ದೀಪ್ತಿ ನವಲ್, ಹೆಗಲಿಗೆ ಚೀಲ, ಚಮ್ಕೋ ಎನ್ನುವ ಬಟ್ಟೆ ಸೋಪಿನ ಪುಡಿ ಮಾರಲು ಬಂದಿದ್ದಾಳೆ. ಅವರಿಬ್ಬರೂ ಅಡಗಿಕೊಳ್ಳುತ್ತಾರೆ. ಸಿಕ್ಕಿಹಾಕಿಕೊಂಡವನು ಏನೂ ಗೊತ್ತಿಲ್ಲದ ಸಿದ್ಧಾರ್ಥ. ಅವಳು ಕಂಪನಿಯವರು ಹೇಳಿಕೊಟ್ಟದ್ದನ್ನು ಬಾಯಿಪಾಠ ಒಪ್ಪಿಸುತ್ತಾಳೆ, ಬಕೆಟ್ ಕೇಳುತ್ತಾಳೆ, ಬಟ್ಟೆ ಕೇಳುತ್ತಾಳೆ, ನೊರೆ ಎಬ್ಬಿಸಿ ತೋರಿಸುತ್ತಾಳೆ. ಇಷ್ಟೇ. ಗುಲಾಬಿ ಇಲ್ಲ, ಚಂದ್ರ ಇಲ್ಲ, ಒಂದು ಬಕೆಟ್ ಸೋಪಿನ ನೀರು. ಇಬ್ಬರೂ ಆ ನೊರೆಯನ್ನು ಅಷ್ಟು ಗಮನವಿಟ್ಟು ನೋಡುವುದು ಯಾಕೆಂದರೆ ಒಬ್ಬರ ಮುಖ ಒಬ್ಬರು ನೋಡಲಿಕ್ಕೆ ಧೈರ್ಯ ಸಾಲದು. ಸೋಪಿನ ಬಗ್ಗೆ ಆಡುವ ಒಂದೊಂದು ಮಾತೂ ಸೋಪಿನ ಬಗ್ಗೆ ಅಲ್ಲ. ಒಮ್ಮೆ ಒಂದು ಕಾಲೇಜಿನಲ್ಲಿ ಈ ದೃಶ್ಯವನ್ನು ಮಾತ್ರ ತೋರಿಸಿದ್ದೆ, ಹಿಂದಿ ಸರಿಯಾಗಿ ಬಾರದ ಹುಡುಗರೇ ಹೆಚ್ಚು. ಸುಮ್ನೆ ಗಲಾಟೆ ಮಾಡುತ್ತಿದ್ದ ಹಿಂದಿನ ಬೆಂಚು ಬಕೆಟ್ ಬಂದ ಕೂಡಲೇ ಮೌನವಾಯಿತು. ನಗು ಬಂದದ್ದು ಆಮೇಲೆ, ತಡವಾಗಿ, ಒಟ್ಟಿಗೆ.

ಆಮೇಲೆ ಸಿದ್ಧಾರ್ಥ, ನೇಹಾ ಇಬ್ಬರೂ ತಾಲ್‌ಕಟೋರಾ ಗಾರ್ಡನ್‌ನಲ್ಲಿ ಕೂತು ಟುಟಿ ಫ್ರುಟಿ ಐಸ್‌ಕ್ರೀಮ್ ಮತ್ತು ಕಾಫಿ ತರಿಸಿಕೊಳ್ಳುತ್ತಾರೆ. ಸಿನಿಮಾದ ನಾಯಕ ನಾಯಕಿ ಪಾರ್ಕಿನಲ್ಲಿ ಹಾಡುವುದರ ಬಗ್ಗೆ ಸಿನಿಮಾವೇ ನಗುತ್ತದೆ. ಇಲ್ಲಿ ಸಾಯಿ ಪರಾಂಜಪೆ ಒಂದು ದೊಡ್ಡ ಕೆಲಸ ಮಾಡಿದ್ದಾರೆ. ಹುಡುಗಿಯ ಬೆನ್ನು ಹತ್ತುವುದೇ ಪ್ರೀತಿ ಎನ್ನುವ ಹಳೆಯ ಸಿನಿಮಾ ಚಾಳಿಯನ್ನು ಆ ಇಬ್ಬರು ಗೆಳೆಯರ ತಲೆಗೆ ಕಟ್ಟಿ, ನೋಡಿ ಇದು ಎಷ್ಟು ಪೆದ್ದುತನ ಎಂದು ತೋರಿಸಿದರು. ಹುಡುಗಿಗೆ ತನ್ನದೇ ಕೆಲಸ, ತನ್ನದೇ ಸಂಗೀತದ ಪಾಠ, ತನ್ನದೇ ಆಯ್ಕೆ. ‘ಛೋಟಿ ಸಿ ಬಾತ್’ನಲ್ಲಿ ಅರುಣ್ ಹಿಂದೆ ಹಿಂದೆ ಹೋಗುವುದನ್ನು ಇವತ್ತು ನೋಡುವಾಗ ಒಂದೆರಡು ಕಡೆ ಮುಜುಗರವಾಗುತ್ತದೆ, ಪ್ರಭಾಳಿಗೂ ಇಷ್ಟವಿದೆಯೆಂದು ನಮಗೆ ಮೊದಲೇ ತಿಳಿಸಿರುವುದರಿಂದ ಅದು ಉಳಿದುಕೊಳ್ಳುತ್ತದೆ. ಆದರೆ ಆಮೇಲಿನ ಎಷ್ಟೋ ಹಿಂದಿ ಸಿನಿಮಾಗಳಲ್ಲಿ ಹುಡುಗಿ ಬೇಡ ಬೇಡ ಎಂದರೂ ಪೀಡಿಸುವುದನ್ನೇ ಪ್ರೀತಿ ಎಂದು ಮಾರಿದರು. ಅವು ನನಗೆ ಈ ಜಾತಿಯ ಸಿನಿಮಾಗಳೇ ಅಲ್ಲ. ಮಾತು ಬಾಯಿಗೆ ಬಾರದಿರುವುದು ಎದುರಿನವರ ಮೇಲಿನ ಗೌರವದಿಂದ. ಗೌರವವೇ ಇಲ್ಲದ ಮೇಲೆ ನಗು ಎಲ್ಲಿಂದ ಬರಬೇಕು?

ನೀವು ಈ ಸಿನಿಮಾಗಳನ್ನು ಮತ್ತೆ ಮತ್ತೆ ನೋಡುವುದಕ್ಕೆ ಇನ್ನೊಂದು ಕಾರಣವನ್ನೂ ಊಹಿಸಬಲ್ಲೆ. ಸುತ್ತಲಿನ ಜನ. ‘ಚಶ್ಮೆ ಬದ್ದೂರ್’ನ ಪಾನ್ ಅಂಗಡಿಯ ಲಲ್ಲನ್ ಮಿಯಾ, ಸಯೀದ್ ಜಾಫ್ರಿ, ಹುಡುಗರ ಸಿಗರೇಟ್ ಬಾಕಿ ವಸೂಲಾಗದೆ ಕೊರಗುತ್ತಲೇ ಅವರ ಪ್ರೀತಿಯ ಪಂಚಾಯಿತಿಗೂ ಬರುತ್ತಾರೆ. ‘ಛೋಟಿ ಸಿ ಬಾತ್’ನ ಖಂಡಾಲಾದ ಕರ್ನಲ್, ಸೋತ ಪ್ರೇಮಿಗಳಿಗೆ ಪಾಠ ಹೇಳುವವರು, ಅವರು ಯಾರು ಗೊತ್ತಲ್ವಾ? ಅದೇ ಅಶೋಕ್ ಕುಮಾರ್! ಗ್ಯಾರೇಜಿನಲ್ಲಿ ಹೆಂಗಸರ ನೆರಳು ಬೀಳಬಾರದೆಂದಿದ್ದ ಹಿರಿಯಣ್ಣ ಹದಿನೆಂಟು ವರ್ಷಗಳ ಮೇಲೆ ಹುಡುಗರಿಗೆ ಪ್ರೀತಿ ಹೇಳಿಕೊಡುವ ಗುರುವಾಗಿ ಬಂದದ್ದು. ಇಬ್ಬರಿಗೆ ಮಾತಾಡಲು ಜಾಗ ಸಿಗದ ಊರಿನಲ್ಲಿ ಪ್ರೀತಿ ಇಡೀ ಓಣಿಯ ವಿಷಯವಾಗುತ್ತದೆ. ಬಾಸು ಚಟರ್ಜಿಯವರ ‘ಪಿಯಾ ಕಾ ಘರ್’ನಲ್ಲಿ (1972) ಹೊಸದಾಗಿ ಮದುವೆಯಾದ ಜೋಡಿಗೆ ಮುಂಬೈಯ ಚಾಳಿನ ಮನೆಯಲ್ಲಿ ಮಲಗಲು ಸಿಗುವುದು ಅಡುಗೆಮನೆ. ಮದುವೆಯಾದರೂ ಎರಡು ಮಾತು ಆಡಲು ಮರೆ ಇಲ್ಲ. ನಮ್ಮಲ್ಲೂ ಇದೇ ರುಚಿಯ ಸಿನಿಮಾ ಬಂತು, 1990ರ ‘ಗಣೇಶನ ಮದುವೆ’. ಅನಂತ್ ನಾಗ್, ವಿನಯಾ ಪ್ರಸಾದ್, ವಠಾರದಲ್ಲಿ ದಿನವೂ ಜಗಳ, ಪತ್ರದಲ್ಲಿ ಪ್ರೀತಿ, ಎರಡೂ ಒಬ್ಬರ ಜೊತೆಗೇ ಎನ್ನುವುದು ಇಬ್ಬರಿಗೂ ಗೊತ್ತಿಲ್ಲ. ಅದನ್ನು ಇಷ್ಟಪಟ್ಟ ಕನ್ನಡದವರಿಗೆ ಬಾಸುದಾ, ಹೃಷಿದಾ ಸಿನಿಮಾಗಳು ಪರಕೀಯ ಅನ್ನಿಸುವುದೇ ಇಲ್ಲ. ಹೃಷಿಕೇಶ್ ಮುಖರ್ಜಿಯವರ ‘ಗೋಲ್ ಮಾಲ್’ ಅಂತೂ ಅದೇ 1990ರಲ್ಲಿ ‘ಆಸೆಗೊಬ್ಬ ಮೀಸೆಗೊಬ್ಬ’ ಆಗಿ ನಮ್ಮ ಮನೆಗೇ ಬಂತು.

ತೊಂಬತ್ತರ ದಶಕದಲ್ಲಿ ಈ ಓಣಿ ಮಾಯವಾಯಿತು. ಬಸ್ ಸ್ಟಾಪ್ ಹೋಗಿ ವಿದೇಶ ಬಂತು, ಚಾಳು ಹೋಗಿ ಅರಮನೆಯಂಥ ಮನೆ ಬಂತು. 1995ರ ‘ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ’ ನನಗೂ ಇಷ್ಟವೇ, ಆದರೆ ಅಲ್ಲಿ ಅಡ್ಡಿ ಹೊರಗಿದೆ, ಹುಡುಗಿಯ ಅಪ್ಪ. ಅರುಣ್‌ನ ಅಡ್ಡಿ ಗಂಟಲೊಳಗೆ ಇತ್ತು. ಅಪ್ಪನನ್ನು ಒಪ್ಪಿಸುವ ಕಥೆಯಲ್ಲಿ ಕಣ್ಣೀರು ಜಾಸ್ತಿ, ಗಂಟಲು ಸರಿಮಾಡಿಕೊಳ್ಳುವ ಕಥೆಯಲ್ಲಿ ನಗು ಜಾಸ್ತಿ.

2007ರಲ್ಲಿ ಇಮ್ತಿಯಾಜ್ ಅಲಿ ಈ ಆಟವನ್ನು ಪೂರ್ತಿ ತಿರುಗಿಸಿದರು. ‘ಜಬ್ ವಿ ಮೆಟ್’ನಲ್ಲಿ ಹೇಳಲಾಗದೆ ಒದ್ದಾಡುವ ಹುಡುಗಿ ಇಲ್ಲ, ಎಲ್ಲವನ್ನೂ ಹೇಳಿಬಿಡುವ ಹುಡುಗಿ ಇದ್ದಾಳೆ. ಗೀತ್, ಕರೀನಾ ಕಪೂರ್, ರೈಲಿನಲ್ಲಿ ಗುರುತಿಲ್ಲದವನ ಮುಂದೆ ತನ್ನ ಜಾತಕವನ್ನೇ ಬಿಚ್ಚುತ್ತಾಳೆ. ಎದುರಿಗೆ ಆದಿತ್ಯ, ಶಾಹಿದ್ ಕಪೂರ್, ಬದುಕು ಬೇಡವಾಗಿ ಬಾಯಿ ಮುಚ್ಚಿ ಕೂತವನು. ರತ್ಲಾಮ್ ಸ್ಟೇಷನ್‌ನಲ್ಲಿ ನೀರಿನ ಬಾಟಲಿಯ ರೇಟಿಗೆ ಜಗಳ ಮಾಡುತ್ತಾ ಅವಳು ರೈಲು ತಪ್ಪಿಸಿಕೊಳ್ಳುವುದು ನೆನಪಿದೆಯಲ್ವಾ? ನೀವು ಎಷ್ಟೋ ಸಲ ನೋಡಿದ್ದೀರಿ, ಹಾಗಾಗಿ ಎರಡನೇ ಭಾಗವನ್ನು ಈ ಸಲ ಬೇರೆ ಥರ ನೋಡಿ. ಶಿಮ್ಲಾದಲ್ಲಿ ಗೀತ್ ಟೀಚರ್ ಆಗಿದ್ದಾಳೆ, ಮುಖ ಬಿಳಿಚಿದೆ, ಮಾತು ನಿಂತುಹೋಗಿದೆ. ಅಷ್ಟು ಮಾತಿನ ಹುಡುಗಿ ಸುಮ್ಮನಾದದ್ದನ್ನು ನೋಡುವಾಗ ಯಾರೋ ನಮ್ಮ ಮನೆಯವರಿಗೇ ಏನೋ ಆಯಿತೇನೋ ಎಂದು ಎದೆ ಹಿಂಡುತ್ತದೆ. ಆದಿತ್ಯ ಅವಳಿಗೆ ನಾನು ನಿನ್ನನ್ನು ಪ್ರೀತಿಸುತ್ತೇನೆ ಎಂದು ಹೇಳುವ ಗೋಜಿಗೆ ಹೋಗುವುದಿಲ್ಲ. ಅವಳನ್ನು ಕೈಬಿಟ್ಟ ಪ್ರೇಮಿ ಅಂಶುಮಾನ್‌ಗೆ ಫೋನ್ ಹಚ್ಚಿಸಿ, ಬಾಯಿಗೆ ಬಂದದ್ದೆಲ್ಲ ಬೈಯಲು ಹೇಳುತ್ತಾನೆ. ಬೈದ ಮೇಲೆ ಅವಳ ಮುಖಕ್ಕೆ ಬಣ್ಣ ಬರುತ್ತದೆ. ಅವಳ ಮಾತನ್ನು ಅವಳಿಗೆ ವಾಪಸ್ ಕೊಡುವುದೇ ಅವನ ಪ್ರೀತಿ. ಹಿಂದಿ ಸಿನಿಮಾದಲ್ಲಿ ನಾನು ಕಂಡ ಅತಿ ಚಂದದ ಪ್ರೇಮ ನಿವೇದನೆಗಳಲ್ಲಿ ಆ ಬೈಗುಳದ ಫೋನ್ ಕಾಲ್ ಒಂದು.

ಈಗ ನಿಮ್ಮ ಕೊನೆಯ ಪ್ರಶ್ನೆ. ಈಗಿನವು ಯಾಕೆ ಹಿಡಿಸುವುದಿಲ್ಲ, ಇದು ವಯಸ್ಸಿನ ಹಂಬಲವಾ ಎಂದು. ಸ್ವಲ್ಪ ಇರಬಹುದು, ಭಾನುವಾರ ಸಂಜೆ ದೂರದರ್ಶನದ ಮುಂದೆ ಮನೆಮಂದಿಯೆಲ್ಲ ಕೂತು ನೋಡಿದ ತಲೆಮಾರು ನಮ್ಮದು, ಆ ಸಿನಿಮಾಗಳ ಜೊತೆ ಅಪ್ಪ ಅಮ್ಮನ ನಗುವೂ ಅಂಟಿಕೊಂಡಿದೆ. ಆದರೆ ಬರೀ ಅದಲ್ಲ. ಕೈಯಲ್ಲಿ ಮೊಬೈಲ್, ಸ್ವಂತ ಕಾರು, ಸ್ವಂತ ಫ್ಲ್ಯಾಟು, ಕೇಳುವವರಿಲ್ಲ, ಹೇಳುವವರಿಲ್ಲ. ಇಂಥ ಜೋಡಿ ಎರಡು ತಾಸು ಯಾಕೆ ಒದ್ದಾಡಬೇಕು? ಕಾರಣವನ್ನು ಬರಹಗಾರರು ಎಲ್ಲಿಂದಲೋ ಎಳೆದು ತರಬೇಕಾಗುತ್ತದೆ, ಒಂದು ಸಣ್ಣ ತಪ್ಪು ತಿಳಿವಳಿಕೆ, ಒಂದು ಹಳೆಯ ಪ್ರೇಯಸಿ, ವಿದೇಶದ ಒಂದು ಕೆಲಸ. ಅವು ನಮಗೆ ತಟ್ಟುವುದಿಲ್ಲ. ನಿಮ್ಮ ಮಗಳ ಪ್ರಶ್ನೆ ಅಂಥ ಸಿನಿಮಾಗಳಿಗೆ ನೂರಕ್ಕೆ ನೂರು ಸರಿ. ಇಂವ ಸುಮ್ನ ಹೇಳಿಬಿಡಬಾರದೇನ? ಹೇಳಬಹುದಿತ್ತು, ಖಂಡಿತ.

ಆದರೆ ಈಚಿನವುಗಳೆಲ್ಲ ಹೀಗೇ ಎಂದು ಕೈಬಿಡಬೇಡಿ. ಒಳ್ಳೆಯ ಬರಹಗಾರರು ಸಣ್ಣ ಊರುಗಳಿಗೆ ಹೋದರು, ಆ ಬೀಗ ಅಲ್ಲಿ ಇನ್ನೂ ಗಟ್ಟಿಯಾಗಿತ್ತು. 2015ರ ‘ದಮ್ ಲಗಾ ಕೆ ಹೈಷಾ’ ನೋಡಿ, ಶರತ್ ಕಟಾರಿಯಾ ನಿರ್ದೇಶನ. ಹರಿದ್ವಾರ, ಕ್ಯಾಸೆಟ್ ಅಂಗಡಿಯ ಹುಡುಗ ಆಯುಷ್ಮಾನ್ ಖುರಾನಾ, ಹತ್ತನೇ ಕ್ಲಾಸು ದಾಟಿಲ್ಲ. ಮನೆಯವರ ಒತ್ತಾಯಕ್ಕೆ ಕಟ್ಟಿಕೊಂಡ ಹೆಂಡತಿ ಭೂಮಿ ಪೆಡ್ನೇಕರ್, ಬಿಎಡ್ ಓದಿದವಳು, ದಪ್ಪ. ಅವಳ ಜೊತೆ ರಸ್ತೆಯಲ್ಲಿ ನಡೆಯಲೂ ಅವನಿಗೆ ನಾಚಿಕೆ. ಕಥೆಯನ್ನು 1990ರ ದಶಕದಲ್ಲಿ ಇಟ್ಟದ್ದು ಸುಮ್ನೆ ಅಲ್ಲ. ಮೊಬೈಲ್ ಇಲ್ಲ, ಕ್ಯಾಸೆಟ್ ಇದೆ. ಗಂಡ ಹೆಂಡತಿ ಮಾತು ಬಿಟ್ಟು ಒಬ್ಬರಿಗೊಬ್ಬರು ಸಿಟ್ಟಿನ ಹಾಡು ಹಾಕಿ ಜಗಳವಾಡುವ ದೃಶ್ಯವಿದೆ, ಮಾತಿನ ಬದಲು ಹಾಡು ಎನ್ನುವ ಕಿಶೋರ್ ಕುಮಾರ್ ಗ್ಯಾರೇಜಿನ ಉಪಾಯವೇ, ಈ ಸಲ ಮುನಿಸಿಗೆ. ಆ ವರ್ಷದ ಅತ್ಯುತ್ತಮ ಹಿಂದಿ ಚಿತ್ರ ಎಂದು ರಾಷ್ಟ್ರ ಪ್ರಶಸ್ತಿ ಅದಕ್ಕೆ ಬಂತು. 2017ರ ‘ಬರೇಲಿ ಕಿ ಬರ್ಫಿ’ಯಲ್ಲಿ ಪ್ರಿಂಟಿಂಗ್ ಪ್ರೆಸ್ಸಿನವನು ತಾನು ಬರೆದ ಪುಸ್ತಕಕ್ಕೆ ಇನ್ನೊಬ್ಬನ ಹೆಸರು, ಫೋಟೊ ಹಾಕಿಬಿಟ್ಟಿದ್ದಾನೆ, ಹುಡುಗಿ ಆ ಪುಸ್ತಕಕ್ಕೆ ಮನಸೋತು ಬರೆದವನನ್ನು ಹುಡುಕಿಕೊಡು ಎಂದು ಇವನನ್ನೇ ಕೇಳುತ್ತಾಳೆ. ಬರೆದವನು ನಾನೇ ಎನ್ನುವ ಎರಡು ಶಬ್ದ ಹೇಳಲಾಗದೆ ಇಡೀ ಸಿನಿಮಾ ಓಡುತ್ತದೆ. ಅಲ್ಲ, ಅದರಲ್ಲಿ ಸೀರೆ ಅಂಗಡಿಯ ಹುಡುಗನಾಗಿ ರಾಜ್‌ಕುಮಾರ್ ರಾವ್ ಮೆತ್ತಗಿನ ಮನುಷ್ಯನಿಂದ ಪುಂಡನಾಗಿ ಬದಲಾಗುವುದನ್ನು ನೋಡಲಿಕ್ಕಾದರೂ ನೀವು ಅದನ್ನು ನೋಡಲೇಬೇಕು.

ಮಗಳಿಗೆ ಮೊದಲು ಯಾವುದನ್ನು ತೋರಿಸಬೇಕೆಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ‘ಛೋಟಿ ಸಿ ಬಾತ್’ ಸದ್ಯಕ್ಕೆ ಬೇಡ, ಅರ್ಧಕ್ಕೆ ಎದ್ದಿದ್ದಾಳಲ್ಲ. ‘ಬರೇಲಿ ಕಿ ಬರ್ಫಿ’ಯಿಂದ ಶುರು ಮಾಡಿ, ಆ ಭಾಷೆ, ಆ ವೇಗ ಅವಳಿಗೆ ಹತ್ತಿರ. ಆಮೇಲೆ ‘ಚಶ್ಮೆ ಬದ್ದೂರ್’. ಚಮ್ಕೋ ದೃಶ್ಯ ಬರುವಾಗ ನೀವು ಏನೂ ಹೇಳಬೇಡಿ, ಮುಂದೆ ಏನಾಗುತ್ತದೆಂದು ಹೇಳುವ ಆಸೆಯಾಗುತ್ತದೆ, ತಡೆದುಕೊಳ್ಳಿ, ಟಿವಿ ನೋಡದೆ ಅವಳ ಮುಖ ನೋಡಿ. ನಿಮ್ಮನೆಯವರು ಪೇಪರ್ ಹಿಡಿದು ಅಲ್ಲೇ ಪಕ್ಕದಲ್ಲಿ ಕೂತಿದ್ದರೆ ಕೂತಿರಲಿ. ಅವರನ್ನೂ ಒಮ್ಮೆ ಕೇಳಿ ನೋಡಿ, ನಿಮ್ಮ ಹತ್ತಿರ ಮೊದಲ ಸಲ ಮಾತಾಡುವಾಗ ಅವರು ಏನು ಹೇಳಬೇಕೆಂದುಕೊಂಡಿದ್ದರು, ಕೊನೆಗೆ ಏನು ಹೇಳಿದರು ಎಂದು. ಮಗಳ ಎದುರಿಗೇ ಕೇಳಿ.